ಕ್ಯಾಪ್ಟನ್ ‘ಮ್ಯಾಮ್’ ಆದ ವರ್ಷ

ಸಿಂಗಾಪುರದಲ್ಲಿ ಕಡ್ಡಾಯ ಸೇನಾ ಸೇವೆ ಮುಗಿಸಿದ ಮೇಲೂ ನಾವು ವರ್ಷಕ್ಕೊಮ್ಮೆ ಕೆಲವು ದಿನ ಕ್ಯಾಂಪಿಗೆ ಹೋಗಬೇಕಿತ್ತು. ಒನ್-ನಾರ್ತ್ ಬಡಾವಣೆಯ ನನ್ನ ಆಫೀಸಿಗೆ ರಜೆ ಹೇಳಿ ಹೊರಡುವುದೆಂದರೆ ನನಗೆ ಬೇಸರ. ಆದರೆ ನಮ್ಮ ಕ್ಯಾಪ್ಟನ್ ಎಂದರೆ ಗೌರವ. ಹಿಂದೊಮ್ಮೆ ಭಾರ ಹೊತ್ತು ಮೈಲಿಗಟ್ಟಲೆ ನಡೆಯುವ ರೂಟ್ ಮಾರ್ಚ್‌ನಲ್ಲಿ ನಾನು ಬಿಸಿಲಿಗೆ ಕುಸಿದಾಗ ನನ್ನ ಬಂದೂಕನ್ನೂ ತಮ್ಮ ಹೆಗಲಿಗೆ ಹಾಕಿಕೊಂಡು, ಬೈಯದೆ ಪಕ್ಕದಲ್ಲೇ ನಡೆದಿದ್ದರು. ಆಗ ಅವರನ್ನು ‘ಸರ್’ ಅನ್ನುತ್ತಿದ್ದೆವು.

ಆ ವರ್ಷ ಮೊದಲ ಬೆಳಿಗ್ಗೆ ಅವರು ಸಾಲಿನ ಮುಂದೆ ಬಂದು ನಿಂತಾಗ ಕೂದಲನ್ನು ಬಿಗಿಯಾಗಿ ತುರುಬು ಕಟ್ಟಿದ್ದರು. ಎದೆಯ ಪಟ್ಟಿಯಲ್ಲಿ ಹೊಸ ಹೆಸರಿತ್ತು.

“ಕೆಲವರಿಗೆ ನಾನು ಮುಂಚೆಯಿಂದ ಗೊತ್ತು. ನಾನು ಹೆಣ್ಣು. ಇನ್ಮೇಲೆ ‘ಮ್ಯಾಮ್’ ಅನ್ನಿ. ಏನಾದ್ರೂ ಕೇಳೋದಿದ್ರೆ ಈಗ್ಲೇ ಕೇಳಿ, ಆಮೇಲೆ ಟ್ರೈನಿಂಗ್ ಅಷ್ಟೇ.”

ಹಿಂದಿನ ಸಾಲಿನಿಂದ ಒಬ್ಬ, “ಮ್ಯಾಮ್, ರೂಟ್ ಮಾರ್ಚ್ ಕಮ್ಮಿ ಆಗುತ್ತಾ?” ಎಂದ.

“ಇಲ್ಲ ಲಾ,” ಎಂದರು, ಸಿಂಗಾಪುರದವರ ಮಾತಿನ ಧಾಟಿಯಲ್ಲೇ.

ಎಲ್ಲರೂ ನಕ್ಕೆವು. ಅವರೂ ನಕ್ಕರು.

ಮರುದಿನ ರೇಡಿಯೋ ಸೆಟ್ ಕೈಕೊಟ್ಟಾಗ ಗಾಬರಿಯಲ್ಲಿ ನಾನು “ಸರ್!” ಎಂದು ಕೂಗಿಬಿಟ್ಟೆ. ಅವರು ಬಂದು ಸೆಟ್ ಸರಿಮಾಡಿ, “ಮ್ಯಾಮ್,” ಎಂದಷ್ಟೇ ಹೇಳಿ ಹೋದರು. ನನಗೆ ಕಿವಿಯೆಲ್ಲ ಬಿಸಿಯಾಯಿತು. ಊಟದ ಹೊತ್ತಿಗೆ ಹೋಗಿ ಕ್ಷಮೆ ಕೇಳಿದೆ.

“ಹಳೇ ಅಭ್ಯಾಸ, ಬಾಯಿಗೆ ಬರುತ್ತೆ. ತಿದ್ಕೊಂಡ್ರೆ ಸಾಕು,” ಎಂದರು.

ಶನಿವಾರ ಬುಕಿತ್ ಪಂಜಾಂಗ್‌ನ ಮನೆಗೆ ಬಂದು ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಸಾರು ಬಡಿಸುತ್ತಿದ್ದ ಅವಳು ಸೌಟು ಹಿಡಿದೇ ಕೇಳಿದಳು: “ಅವರ ತಾಯಿ ಏನಂದ್ರಂತೆ?”

“ಅದನ್ನೆಲ್ಲ ಆಫೀಸರ್‌ನ ಕೇಳೋಕಾಗುತ್ತೇನಮ್ಮಾ?”

ಮುಂದಿನ ವರ್ಷ, ಕೊನೆಯ ದಿನ ಸಾಮಾನು ಹಿಂದಿರುಗಿಸುವ ಸಾಲಿನಲ್ಲಿ ಅವರು ಪಕ್ಕಕ್ಕೇ ಬಂದು ನಿಂತರು. ಧೈರ್ಯ ಮಾಡಿ ಅಮ್ಮನ ಪ್ರಶ್ನೆ ಹೇಳಿಯೇಬಿಟ್ಟೆ. ಅವರು ಹೆಲ್ಮೆಟ್ಟಿನ ಪಟ್ಟಿ ಬಿಚ್ಚುತ್ತಾ ಹೇಳಿದರು:

“ಅಮ್ಮನಿಗೆ ಕೋಪ ಬಂದ್ರೆ ಹಳೇ ಹೆಸರು, ಊಟಕ್ಕೆ ಕರೆಯೋವಾಗ ಹೊಸ ಹೆಸರು. ಮೊದಮೊದಲು ಊಟಕ್ಕೆ ಕರೀತಾನೇ ಇರ್ಲಿಲ್ಲ.”

ಅಮ್ಮನಿಗೆ ಅದನ್ನೇ ಹೇಳಿದೆ. “ಪಾಪ, ಇಬ್ಬರಿಗೂ ಕಷ್ಟವೇ,” ಎಂದಳು. ಆಮೇಲೆ, “ಒಂದಿನ ನಮ್ಮನೆಗೂ ಕರಿ.”

ಆಫೀಸರನ್ನು ಮನೆಗೆ ಕರೆಯುವಷ್ಟು ಸಲಿಗೆ ನನಗೆ ಬರಲೇ ಇಲ್ಲ. ಎರಡು ವರ್ಷದ ನಂತರ ಅವರು ಮೇಜರ್ ಆಗಿ ಬೇರೆ ಕ್ಯಾಂಪಿಗೆ ಹೋದರು.