ಪಟಕ್ಕೆ ಕುಳಿತವಳು

ಕಂಗ್ಟಿಯಲ್ಲಿ ಭಾವನ ಮನೆಯ ಪಡಸಾಲೆಯಲ್ಲಿ, ಸತ್ತ ದೊಡ್ಡಕ್ಕನದು ಎಂದು ಒಂದು ಬಣ್ಣದ ಪಟ ತೂಗುಹಾಕಿದ್ದರು. ಕಾಸಗಲ ಕುಂಕುಮ, ತಲೆಯ ಮೇಲೆ ಸೆರಗು, ನೋಟ ಮಾತ್ರ ಎಲ್ಲೋ. ಬಂದವರೆಲ್ಲ ಅದರ ಮುಂದೆ ನಿಂತು, “ಪಾಪ, ಕೂಸಿನ ಚಿಂತಿ ಮಾಡಾಕತ್ತಾಳ ನೋಡ್ರಿ,” ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅದು ದೊಡ್ಡಕ್ಕನ ಮುಖವೇ ಅಲ್ಲ.

ದೊಡ್ಡಕ್ಕ ಬಾಣಂತಿಯಾಗಿದ್ದಾಗಲೇ ತೀರಿಕೊಂಡಳು. ಮುತ್ತೈದೆಯಾಗಿ ಹೋದವಳ ಪಟ ಮನೆಯಲ್ಲಿರಬೇಕು, ಹಬ್ಬಕ್ಕೆ ಅದರ ಮುಂದೆ ಸೀರೆಯಿಟ್ಟು ಎಡೆ ಹಿಡಿಯಬೇಕು, ನಮ್ಮಲ್ಲಿ ಹಾಗೆ. ಆಕೆಯದೋ ಒಂದು ಫೋಟೋ ಸಹ ಇರಲಿಲ್ಲ. ಉರ್ದು ಬೋರ್ಡುಗಳನ್ನು ಅಳಿಸಿ ತೆಲುಗಿನಲ್ಲಿ ಬರೆಯುತ್ತಿದ್ದ ಪೇಂಟರನೊಬ್ಬನನ್ನು ಜಹೀರಾಬಾದಿನಿಂದ ನಮ್ಮ ತವರಿಗೆ ಕರೆಸಿದರು. ಮುಖ ನೋಡದೆ ಹೇಗೆ ಬರೆಯಲಿ ಎಂದ ಆತ. ನಡುವಿನ ಅಕ್ಕ ಥೇಟ್ ದೊಡ್ಡಕ್ಕನ ಹಾಗೇ ಇದ್ದಳು. ಅವ್ವ ಆಕೆಗೆ ಸತ್ತವಳ ಸೀರೆ ಉಡಿಸಿ ಅಂಗಳದಲ್ಲಿ ಕೂರಿಸಿದಳು. ತಾಂಡೂರಿನ ಕಲ್ಲಿನ ಖಣಿಯಲ್ಲಿ ದುಡಿಯುತ್ತಿದ್ದ ಹುಡುಗನೊಬ್ಬನ ಜೊತೆ ಆಕೆಯ ಮದುವೆಯ ಮಾತು ನಡೆದಿತ್ತು. ಅವನ ಊರಿನ ಹೆಸರು ತೆಗೆದರೂ ಸಾಕು, ನಗು ತಡೆಯುತ್ತಿರಲಿಲ್ಲ ಅವಳಿಗೆ.

ಆ ವರ್ಷವೇ ಆಕೆಯನ್ನು ಭಾವನಿಗೆ ಕೊಟ್ಟರು.

ಪಟದ ಧೂಳು ಒರೆಸುತ್ತಿದ್ದವಳನ್ನು ಒಮ್ಮೆ ಕೇಳಿದೆ: “ಅಕ್ಕ, ಅವತ್ತು ಕುಂತಾಗ ಏನ್ ವಿಚಾರ ಮಾಡ್ತಿದ್ದಿ?”

“ವಿಚಾರ ಏನ್ ಬಂತು. ಕಿವಿಗೊಟ್ಟು ಕುಂತಿದ್ದೆ. ಒಳಗ ಅಪ್ಪ ಭಾವನ ಮನಿಯವರ ಕೂಡ ಮಾತಾಡಾಕತ್ತಿದ್ದ. ಕೂಸಿಗಿ ತಾಯಿ ಬೇಕಲ್ಲ, ಎರಡನೇದಾಕಿನ್ನ ಕೊಡ್ತೀವಿ ಅಂದ. ಎದ್ದು ಹೋಗಿ ಒಲ್ಲೆ ಅನಬೇಕಂದೆ. ಅಷ್ಟರಾಗ ಪೇಂಟರ, ಅಲುಗಾಡಬ್ಯಾಡ್ರಿ ಅಂದ.”

ಅಲುಗಾಡಲಿಲ್ಲ, ನನ್ನ ಹುಚ್ಚು ಅಕ್ಕ. ಆ ಪೇಂಟರನ ಕೈ ಸೇದಿಹೋಗಲಿ ಎಂದು ಎಷ್ಟು ಸಲ ಶಪಿಸಿದ್ದೇನೋ. ಅವನದೇನು ತಪ್ಪು, ಕಂಡದ್ದನ್ನು ಕಂಡ ಹಾಗೆ ಬರೆದ. ಪ್ರತಿ ಹಬ್ಬಕ್ಕೂ ಆಕೆ ತನ್ನ ಮುಖಕ್ಕೆ ತಾನೇ ಕುಂಕುಮ ಹಚ್ಚಿ, ಎಡೆ ಹಿಡಿದು, ಕೈ ಮುಗಿಯುತ್ತಿದ್ದಳು.

ಕೆಲವು ವರ್ಷಕ್ಕೆ ಕಾಮಾಲೆಯಾಗಿ ಆಕೆಯೂ ಹೋದಳು. ದಿನಕರ್ಮದ ಹೊತ್ತಿಗೆ ನಾನು ನಾರಾಯಣಖೇಡದ ನನ್ನ ಗಂಡನ ಮನೆಯಿಂದ ಬಂದು, ಇವಳದೊಂದು ಪಟ ಬರೆಸಬೇಕು ಎಂದೆ.

ಭಾವ ಗೋಡೆಯ ಕಡೆ ನೋಡಿದ.

“ಹೊಸಾದು ಯಾಕ? ಇದೇ ಇರ್ಲಿ. ಆಕಿನೂ ಹಿಂಗೇ ಕಾಣ್ತಿದ್ದಳು.”

ಅವ್ವ ಎದ್ದು ಒಳಗೆ ಹೋಗಿ ಇನ್ನೊಂದು ಸೀರೆ ತಂದಳು. ಅದೇ ಪಟದ ಮುಂದೆ, ದೊಡ್ಡಕ್ಕನಿಗೆಂದು ಇಟ್ಟಿದ್ದ ಸೀರೆಯ ಪಕ್ಕಕ್ಕೆ ಇಟ್ಟಳು.