ಭೂಮಿಯ ಬಾಲದ ಅರವತ್ತಮೂರು ಅಲೆಗಳು

ಉಚ್ಚಿಲದ ನಳಿನಾಕ್ಷಿ ಮಣಿಪಾಲದಲ್ಲಿ ಕೂತು ಭೂಮಿಯ ಬಾಲವನ್ನು ಓದುತ್ತಾಳೆ ಎಂದರೆ ಊರಿನವರು ನಗುತ್ತಾರೆ. ನಗಲಿ, ಬಾಲ ಇರುವುದು ನಿಜ. ಸೂರ್ಯನಿಂದ ಬೀಸುವ ಕಣಗಳ ಗಾಳಿ ಭೂಮಿಯ ಕಾಂತಕ್ಷೇತ್ರವನ್ನು ಕತ್ತಲ ಬದಿಗೆ ಲಕ್ಷಾಂತರ ಕಿಲೋಮೀಟರ್ ಎಳೆದು ಚಾಚಿದೆ. ಅಲ್ಲಿನ ವಿದ್ಯುತ್ ಕಣಗಳ ತೆಳು ಪ್ಲಾಸ್ಮಾದಲ್ಲಿ ಏಳುವ ಕೆಲವು ಅಲೆಗಳಲ್ಲಿ ವಿದ್ಯುತ್ ಕ್ಷೇತ್ರ ಮಾತ್ರ ಅದುರುತ್ತದೆ, ಕಾಂತಕ್ಷೇತ್ರ ಮಿಸುಕುವುದಿಲ್ಲ. ಉಪಗ್ರಹವೊಂದು ಕಳಿಸಿದ ಮಾಹಿತಿಯಿಂದ ಅಂಥ ಅರವತ್ತಮೂರನ್ನು ಹೆಕ್ಕಲು ಅವಳಿಗೆ ಮೂರು ವರ್ಷ ಹಿಡಿಯಿತು. ಪಿಎಚ್‌ಡಿ ನಿಂತದ್ದೇ ಅದರ ಮೇಲೆ.

ಪ್ರಬಂಧ ಒಪ್ಪಿಸಲು ತಿಂಗಳಿದ್ದಾಗ ಮಲ್ಪೆಗೆ ಹೋದಳು. ಅಲ್ಲಿ ಜೋಕಿಮ್ ನೀರಡಿಯ ಮೀನನ್ನು ಸ್ಕ್ರೀನಿನಲ್ಲಿ ತೋರಿಸುವ ಬೋಟುಗಳ ಫಿಶ್ ಫೈಂಡರ್ ರಿಪೇರಿ ಮಾಡುತ್ತಾರೆ. ಕಾಲೇಜಿನ ರಜೆಗಳಲ್ಲಿ ಅವಳು ದುಡಿದದ್ದು ಅವರ ಅಂಗಡಿಯಲ್ಲೇ. ಹೆಮ್ಮೆಯಿಂದ ಲ್ಯಾಪ್‌ಟಾಪ್ ತೆರೆದಳು.

"ಇದೆಂತ ಮಾರಾಯ್ತಿ, ಬೋಟಿನ ಸ್ಕ್ರೀನಿನ ಹಾಗೇ ಉಂಟಲ್ಲ!" ಎಂದರು ಜೋಕಿಮ್.

"ಅಲೆಗಳು ಅಣ್ಣ. ಕಾಂತಕ್ಷೇತ್ರ ಅಲುಗಲಿಲ್ಲ, ನೋಡಿ. ಅದೇ ಸಾಕ್ಷಿ."

"ಸ್ಯಾಟಲೈಟಿನ ಸ್ವಂತ ಗಲಾಟೆ ಆದರೆ ಅದು ಅಲುಗುತ್ತದಾ?"

"ಅಲುಗಬೇಕು ಅಂತ ಇಲ್ಲ."

"ಮತ್ತೆಂತ ಸಾಕ್ಷಿ? ಸ್ಕ್ರೀನ್ ತುಂಬ ಚುಕ್ಕಿ ಬಂದರೆ ಬೋಟು ನಡೆಸುವ ತಾಂಡೇಲ ಮೀನು ಮೀನು ಅಂತ ಕುಣಿಯುತ್ತಾನೆ. ನಾನು ಲೈಟು, ಡೈನಮೋ, ಪಂಪು ಒಂದೊಂದೇ ಆಫ್ ಮಾಡಿಸುತ್ತೇನೆ. ಪಂಪು ನಿಂತ ಕೂಡಲೇ ಮೀನು ಮಾಯ! ನೀನು ಎಂತ ಆಫ್ ಮಾಡಿ ನೋಡಿದ್ದಿ?"

"ಅದು ಆಕಾಶದಲ್ಲಿ ಉಂಟಲ್ಲ ಅಣ್ಣ!"

"ಅದನ್ನು ನಡೆಸುವವರು ಆನ್ ಆಫ್ ಮಾಡುತ್ತಾರಲ್ವಾ? ಲೆಕ್ಕ ಇಟ್ಟಿರುತ್ತಾರೆ. ಹುಡುಕು."

ಬಸ್ಸು ಉಡುಪಿ ದಾಟುವವರೆಗೆ ಅವಳಿಗೆ ಬರೀ ಸಿಟ್ಟು. ಮಣಿಪಾಲದ ಏರು ಹತ್ತುವಾಗ ಅದು ಹೆದರಿಕೆಯಾಯಿತು. ಉಪಗ್ರಹದ ಯಾವ ಉಪಕರಣ ಯಾವಾಗ ಚಾಲೂ ಆಯಿತೆಂಬ ದಾಖಲೆ ಇತ್ತು. ಮೂರು ವರ್ಷದಲ್ಲಿ ಅವಳು ಅದನ್ನು ತೆರೆದೇ ಇರಲಿಲ್ಲ.

ಹತ್ತು ದಿನ ಕೂತು ತಾಳೆ ನೋಡಿದಳು. ಇಪ್ಪತ್ತೆರಡು ಅಲೆಗಳು ಒಂದೇ ಉಪಕರಣ ಚಾಲೂ ಆದ ಸೆಕೆಂಡಿಗೇ ಎದ್ದಿದ್ದವು. ಅಲೆಯೂ ಅಲ್ಲ, ಮಣ್ಣೂ ಅಲ್ಲ, ಉಪಗ್ರಹದ ಸ್ವಂತ ಗಲಾಟೆ. ಉಳಿದ ನಲವತ್ತೊಂದು ಆ ಉಪಕರಣ ಸುಮ್ಮನಿದ್ದಾಗಲೂ ಇದ್ದವು. ಇಪ್ಪತ್ತೆರಡನ್ನೂ ಕಿತ್ತೆಸೆದು ಅಧ್ಯಾಯವನ್ನು ಮತ್ತೆ ಬರೆದಳು.

ಮಾರ್ಗದರ್ಶಕಿ ಶರ್ಮಿಳಾ ಮೇಡಂ ಓದಿ ಉಸಿರುಬಿಟ್ಟರು. "ಇದನ್ನು ಪರೀಕ್ಷಕರು ಹಿಡಿದಿದ್ದರೆ ಅರವತ್ತಮೂರನ್ನೂ ಯಾರೂ ನಂಬುತ್ತಿರಲಿಲ್ಲ. ನನಗೂ ಹೊಳೆಯಲಿಲ್ಲ ನೋಡು."

ತಪ್ಪು ತೋರಿಸಿದವನ ಮುಖ ನೋಡದವರೇ ನಮ್ಮಲ್ಲಿ ಜಾಸ್ತಿ. ನಳಿನಾಕ್ಷಿ ಮರುದಿನವೇ ಮಲ್ಪೆ ಬಸ್ಸು ಹತ್ತಿದಳು. ಜೋಕಿಮ್ ಒಂದು ಬೋಟಿನ ಕ್ಯಾಬಿನಿನಲ್ಲಿ ತಲೆ ತೂರಿಸಿಕೊಂಡಿದ್ದರು.

"ಅಣ್ಣ, ನೀವು ಕೇಳದಿದ್ದರೆ ನಾನು ಎಲ್ಲರೆದುರು ಮುಳುಗುತ್ತಿದ್ದೆ. ಈ ಉಪಕಾರ ಮರೆಯುವುದಿಲ್ಲ."

"ಎಷ್ಟು ಉಳಿಯಿತು?"

"ನಲವತ್ತೊಂದು."

"ಅದು ನೀನೇ ಹಿಡಿದದ್ದು, ನಾನಲ್ಲ. ಬಾ, ಈ ಟಾರ್ಚ್ ಹಿಡಿ, ತಾಂಡೇಲನಿಗೆ ಅವಸರ."

ಅವಳು ಚಪ್ಪಲಿ ಕಳಚಿಟ್ಟು ಬೋಟಿಗೆ ಇಳಿದಳು.