ವಂಡಿಗಾಗಿ ಮಗ್ಗ ನಿಲ್ಲಿಸಿದ ದಿನ

ಕೊಯಮತ್ತೂರಿನ ಹತ್ತಿರದ ಸೋಮನೂರಿನಲ್ಲಿ, ಮನೆಯಲ್ಲಿ ಕನ್ನಡ ಆಡುವ ನೇಕಾರರ ನಮ್ಮ ಬೀದಿಯಲ್ಲಿ, ಮಗ್ಗದ ಸದ್ದು ಯಾರಿಗೂ ಕೇಳಿಸುವುದಿಲ್ಲ. ಹುಟ್ಟಿದಾಗಿನಿಂದ ಕಿವಿಯಲ್ಲೇ ಇರುವುದನ್ನು ಬೇರೆಯಾಗಿ ಕೇಳುವವರು ಯಾರು? ಅದು ನಿಂತಾಗ ಮಾತ್ರ ಕೇಳಿಸುತ್ತದೆ. ಕರೆಂಟು ಹೋದರೆ ಇಡೀ ಬೀದಿ ಒಟ್ಟಿಗೆ ನಿಲ್ಲುತ್ತದೆ, ಎಲ್ಲರೂ ಹೊರಗೆ ಬಂದು ಬೆವರು ಒರೆಸಿಕೊಳ್ಳುತ್ತಾ ಕರೆಂಟಿನವರ ವಂಶವನ್ನೆಲ್ಲ ನೆನೆಯುತ್ತಾರೆ. ಆದರೆ ಕರೆಂಟು ಇದ್ದೂ ಒಂದೇ ಮನೆಯ ಮಗ್ಗ ನಿಂತರೆ ಅದಕ್ಕೆ ಅರ್ಥ ಬೇರೆ. ಆ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ. ಹೇಳಿ ಕಳಿಸುವ ಅಗತ್ಯವೇ ಇಲ್ಲ, ಜನ ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಾರೆ. ಇದು ನಮ್ಮ ದೊಡ್ಡಮ್ಮನಿಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಆ ದಿನ ಮಗ್ಗ ನಿಲ್ಲಿಸಿದಳು.

ನನ್ನ ಎರಡೂ ಕಾಲು ಚಿಕ್ಕಂದಿನ ಜ್ವರದಲ್ಲಿ ಹೋದವು. ಮನೆಯೊಳಗೆ ಕೈಯೂರಿ ನೆಲದ ಮೇಲೆ ಸರಿಯುತ್ತೇನೆ, ಹೊರಗೆ ಊರುಗೋಲು. ಕೈಗಳ ಮಾತು ಬಂದರೆ ಸಂಕೋಚವಿಲ್ಲದೆ ಹೇಳುತ್ತೇನೆ, ನನ್ನಷ್ಟು ಬೇಗ ಪಾವು ಕೂಡಿಸುವವರು ಈ ಸುತ್ತಿನಲ್ಲಿ ಕಡಿಮೆ. ಪಾವು ಎಂದರೆ ಹಾಸು, ಬಟ್ಟೆಯ ಉದ್ದಕ್ಕೆ ಹೋಗುವ ನೂಲು. ಮಗ್ಗದಲ್ಲಿ ಒಂದು ಹಾಸು ಮುಗಿಯುತ್ತಾ ಬಂದಾಗ ಹಳೆಯದರ ಒಂದೊಂದು ಎಳೆಗೂ ಹೊಸದರ ಒಂದೊಂದು ಎಳೆಯನ್ನು ಹೊಸೆದು ಸೇರಿಸಬೇಕು. ಬೆರಳಿಗೆ ಬೂದಿ ಹಚ್ಚಿಕೊಂಡು, ಮಗ್ಗದ ಹಿಂದೆ ಕೂತಲ್ಲೇ ಕೂತು ಮಾಡುವ ಕೆಲಸ. ಕೂರುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನೇ ತಮಾಷೆ ಮಾಡುತ್ತೇನೆ. ಬೇರೆಯವರು ಮಾಡಿದರೆ ಸುಮ್ಮನೆ ಬಿಡುವುದಿಲ್ಲ.

ತೊಂದರೆ ಕೂರುವುದರಲ್ಲಿರಲಿಲ್ಲ, ಹೋಗುವುದರಲ್ಲಿತ್ತು. ಪಾವು ನನ್ನ ಮನೆ ಬಾಗಿಲಿಗೆ ಬರುವುದಿಲ್ಲ, ನಾನೇ ಅದು ಇರುವ ಮಗ್ಗದ ಶೆಡ್ಡಿಗೆ ಹೋಗಬೇಕು. ಅಣ್ಣ ತನ್ನ ಬೈಕಿನಲ್ಲಿ ಹಿಂದೆ ಕೂರಿಸಿಕೊಂಡು ಬಿಟ್ಟು ಬರುತ್ತಿದ್ದ, ಸಂಜೆ ಮತ್ತೆ ಬಂದು ಕರೆದೊಯ್ಯುತ್ತಿದ್ದ. ಅವನು ಹೋಗಿ ಬರುವತನಕ ಮನೆಯ ನಾಲ್ಕು ಮಗ್ಗವನ್ನು ದೊಡ್ಡಮ್ಮ ಆ ವಯಸ್ಸಿನಲ್ಲಿ ನಿಂತು ನೋಡಿಕೊಳ್ಳುತ್ತಿದ್ದಳು. ಶೆಡ್ಡಿನವರು ಫೋನು ಮಾಡುತ್ತಿದ್ದುದೂ ಅಣ್ಣನಿಗೇ. "ತಂಗೀನ ಯಾವಾಗ ಕೊಂಡು ಬರ್ತೀಯ?" ಎಂದು ಕೇಳುತ್ತಿದ್ದರು, ನೂಲಿನ ಮೂಟೆ ಕೇಳುವ ಹಾಗೆ. ಅವನಿಗೆ ಬಿಡುವಿಲ್ಲದಿದ್ದರೆ ನನಗೆ ಕೆಲಸವಿಲ್ಲ. ಅಣ್ಣ ಒಂದು ದಿನವೂ ಗೊಣಗಿದವನಲ್ಲ, ನನ್ನನ್ನು ಹೆಚ್ಚು ಕೆರಳಿಸುತ್ತಿದ್ದುದು ಅದೇ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

ಹಾಗಾಗಿ ಕಾಲಿಲ್ಲದವರಿಗೆ ಸರ್ಕಾರ ಪಕ್ಕದ ಚಕ್ರ ಜೋಡಿಸಿದ ಸ್ಕೂಟರ್ ಕೊಡುತ್ತದೆಂದು ಕೇಳಿದಾಗ ನಾನು ಯೋಚಿಸುತ್ತಾ ಕೂರಲಿಲ್ಲ. ಇ-ಸೇವೆ ಅಂಗಡಿಯಲ್ಲಿ ಅರ್ಜಿ ಹಾಕಿಸಿದೆ. ಕೊಯಮತ್ತೂರಿಗೆ ಹೋಗಿ ವೈದ್ಯರ ಮುಂದೆ ಕಾಲು ಚಾಚಿದೆ. ಅವರು ಸುತ್ತಿಗೆಯಲ್ಲಿ ಮಂಡಿ ತಟ್ಟಿ, ಏನೂ ಅಲುಗದ್ದನ್ನು ಕಂಡು ತಲೆಯಾಡಿಸಿ ಸರ್ಟಿಫಿಕೇಟಿಗೆ ಸಹಿ ಹಾಕಿದರು. ಇನ್ನೇನು, ವಂಡಿ ಬಂದೇಬಿಟ್ಟಿತು ಅಂದುಕೊಂಡೆ. ವಂಡಿ ಅಂತಲೇ ನಾವು ಸ್ಕೂಟರಿಗೆ ಹೇಳುವುದು.

ಎಲ್ಲಿಯ ವಂಡಿ! ತಿಂಗಳುಗಳು ಹೋದವು. ಫೋನನ್ನು ಮಡಿಲಲ್ಲಿಟ್ಟುಕೊಂಡೇ ಪಾವು ಕೂಡಿಸುತ್ತಿದ್ದೆ. ಅದು ಹೊಡೆದುಕೊಂಡಾಗಲೆಲ್ಲ ಯಾರೋ ಸಾಲ ಬೇಕೇ ಅನ್ನುತ್ತಿದ್ದರು, ಇಲ್ಲವೇ ಬೇರೆ ರಿಂಗ್‌ಟೋನ್ ಬೇಕೇ ಅನ್ನುತ್ತಿದ್ದರು. ತುಡಿಯಲೂರಿನ ನೆಂಟರೊಬ್ಬರು ಬಂದು, ತಮಗೆ ಗೊತ್ತಿರುವ ಒಬ್ಬ ಇದೇ ರೀತಿ ಅರ್ಜಿ ಹಾಕಿ, ಮದುವೆಯಾಗಿ, ಮಗುವೂ ಆಗಿ, ಆ ಮಗು ನಡೆಯಲು ಕಲಿತ ಮೇಲೆ ವಂಡಿ ಬಂತೆಂದು ಹೇಳಿ ಕಾಫಿ ಕುಡಿದು ಹೋದರು. ಕಚೇರಿಗೆ ಫೋನು ಮಾಡಿದರೆ ಒಂದೇ ಮಾತು, ವಿಚಾರಣೆಗೆ ಬರುತ್ತಾರೆ. ನಾನು ಬಿಡುವವಳಲ್ಲ. ಮತ್ತೆ ಮತ್ತೆ ಮಾಡಿದೆ. ಕೊನೆಗೆ ನನ್ನ ಕಾಟ ತಾಳಲಾರದೆಯೋ ಏನೋ, ನಾಳೆ ಅಧಿಕಾರಿ ಬರುತ್ತಾರೆ, ಮನೆಯಲ್ಲೇ ಇರಿ ಎಂದು ಅವರೇ ಫೋನು ಮಾಡಿದರು.

ಆಗ ದೊಡ್ಡಮ್ಮ ಅಧಿಕಾರ ವಹಿಸಿಕೊಂಡಳು. ಅಮ್ಮ ಹೋದ ಮೇಲೆ ನಮ್ಮಿಬ್ಬರನ್ನೂ ಬೆಳೆಸಿದವಳು ಅವಳೇ, ಅವಳ ಮಾತಿಗೆ ಮನೆಯಲ್ಲಿ ಎದುರಿಲ್ಲ. ಹಿಂದೆ ಒಮ್ಮೆ ಅವಳು ಮುದುಕರ ಪಿಂಚಣಿಗೆ ಅರ್ಜಿ ಹಾಕಿದ್ದಳು. ಬಂದ ಅಧಿಕಾರಿ ಹೊಸ್ತಿಲಲ್ಲೇ ನಿಂತು ಮಗ್ಗದ ಸದ್ದು ಕೇಳಿ, ಇಷ್ಟು ಓಡುತ್ತಿರುವ ಮನೆಗೆ ಸಹಾಯ ಯಾಕಮ್ಮ ಎಂದು ಹೊರಟುಹೋಗಿದ್ದರಂತೆ. ಆ ಗಾಯ ಇನ್ನೂ ಹಸಿಯಾಗಿತ್ತು.

"ನಾಳೆ ತರಿ ಓಡಬಾರ್ದು," ಎಂದಳು. ತರಿ ಎಂದರೆ ಮಗ್ಗ. "ನೀನು ಮಂಚದ ಮೇಲೆ ಪಡ್ಕೋ. ಹಳೇ ದುಪ್ಪಟಿ ಹೊದ್ಕೋ. ಬಾಯಿ ತೆರೀಬೇಡ. ನಿನ್ನ ಬಾಯಿಗೆ, ಉದವಿ ಕೊಡೋಕೆ ಬಂದವನೂ ಕಸ್ಕೊಂಡು ಹೋತಾನೆ." ಉದವಿ ಎಂದರೆ ಸಹಾಯ.

"ನಾನೇನು ಸತ್ತಿದೀನಾ ಪಡ್ಕೊಳ್ಳೋಕೆ?"

"ಒಂದು ದಿನ ಪಡ್ಕೊಂಡ್ರೆ ಏನು ಕಮ್ಮಿಯಾಗಿ ಹೋತದೆ?" ಎಂದ ಅಣ್ಣ. ಯಾವತ್ತೂ ನಡುವೆ ಬಾಯಿ ಹಾಕದವನು ಅವತ್ತೇ ಹಾಕಬೇಕೆ?

ಮೈಯೆಲ್ಲ ಉರಿದುಹೋಯಿತು. ಊರೂರು ತಿರುಗಿ ದುಡಿಯುವವಳು ಯಾರೋ ನೋಡಲೆಂದು ಬಾಡಿದ ಸೊಪ್ಪಿನ ಹಾಗೆ ಬಿದ್ದಿರಬೇಕು! ಆದರೂ ವಂಡಿ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಬೆಳಿಗ್ಗೆ ಹಲ್ಲು ಕಚ್ಚಿಕೊಂಡು ಮಂಚ ಹತ್ತಿ ದುಪ್ಪಟಿ ಎಳೆದುಕೊಂಡೆ.

ಅಣ್ಣ ಮಗ್ಗಗಳನ್ನು ಒಂದೊಂದಾಗಿ ನಿಲ್ಲಿಸಿದ. ಮನೆಯಲ್ಲಿ ಗೋಡೆ ಗಡಿಯಾರ ಇದೆಯೆಂಬುದೇ ಆಗ ನೆನಪಾಯಿತು, ಅದರ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಎದುರುಮನೆಯಾಕೆ ಸೆರಗನ್ನು ಬಾಯಿಗೊತ್ತಿಕೊಂಡು ಬಂದಳು. ಬಾಗಿಲು ತೆರೆದದ್ದು ದೊಡ್ಡಮ್ಮ. ಆಕೆ ಎರಡು ಹೆಜ್ಜೆ ಹಿಂದೆ ಸರಿದಳು.

"ಅಯ್ಯೋ, ನೀವು ಇದ್ದೀರಾ!"

"ಇಲ್ದೆ ಎಲ್ಲಿಗೆ ಹೋಗ್ಲಿ?"

ಆಕೆಯ ಕಣ್ಣು ದೊಡ್ಡಮ್ಮನ ಭುಜದಾಚೆ ಮಂಚದ ಕಡೆಗೆ ಹೊರಳಿತು. ದುಪ್ಪಟಿಯೊಳಗೆ ನನ್ನನ್ನು ಕಂಡದ್ದೇ ತಡ, "ಅಯ್ಯೋ ಕಣ್ಣೇ, ನೀನಾ!" ಎಂದು ಎದೆ ಬಡಿದುಕೊಂಡು ಕೂಗಿದಳು. ನಾನು ದುಪ್ಪಟಿ ಒದರಿ ಎದ್ದು ಕೂತು, "ಅಕ್ಕಾ, ಉಸ್ರು ಇದೆ, ನಿಲ್ಸು" ಎಂದೆ. ಆದರೆ ಕೂಗು ಆಗಲೇ ಬೀದಿಗೆ ಹೋಗಿತ್ತು. ಪಕ್ಕದ ಮನೆಯ ಮಗ್ಗ ನಿಂತಿತು, ಅದರಾಚೆಯದೂ ನಿಂತಿತು. ಹೆಣ ಎತ್ತುವ ತನಕ ಅಕ್ಕಪಕ್ಕದವರೂ ಓಡಿಸುವುದಿಲ್ಲ, ಅದು ನಮ್ಮಲ್ಲಿ ಮರ್ಯಾದೆ. ನೋಡನೋಡುತ್ತಿದ್ದಂತೆ ಬೀದಿ ಆ ತುದಿಯವರೆಗೂ ಸ್ತಬ್ಧವಾಯಿತು.

ಗಂಡಸರು ಬಂದರು. ಯಾರೋ ಕುರ್ಚಿಗಳನ್ನು ಹೊರಗೆ ಹಾಕಿದರು. ನಾನು ತಿಂಗಳಿಗೊಮ್ಮೆ ಪಾವು ಕೂಡಿಸಲು ಹೋಗುವ ಶೆಡ್ಡಿನ ಮಾಲೀಕರೊಬ್ಬರು ಎಲೆಯಲ್ಲಿ ಸುತ್ತಿದ ಮಾಲೆ ಹಿಡಿದು ಒಳಗೆ ಬಂದು, ಮಂಚದ ಮೇಲೆ ಕಣ್ಣು ಬಿಟ್ಟುಕೊಂಡು ಕೂತಿದ್ದ ನನ್ನನ್ನು ನೋಡಿ, ಮಾಲೆಯನ್ನು ಬೆನ್ನ ಹಿಂದೆ ಮರೆಸಿದರು. ಯಾರಿಗೆ ತಂದಿರಿ ಎಂದು ಕೇಳಿದೆ. "ಸುಮ್ಮ," ಎಂದರು. ನನಗೆ ನಗು ತಡೆಯಲಾಗಲಿಲ್ಲ. ದೊಡ್ಡಮ್ಮ ಒಬ್ಬೊಬ್ಬರನ್ನೂ ಹಿಡಿದು ಯಾರೂ ಸತ್ತಿಲ್ಲ, ಯಾರೂ ಸತ್ತಿಲ್ಲ ಎಂದು ಹೇಳುತ್ತಿದ್ದಳು. ಹಾಗಾದರೆ ಮಗ್ಗ ಯಾಕೆ ನಿಂತಿದೆ ಎಂದು ಕೇಳಿದವರನ್ನು ಕುರ್ಚಿಯ ಕಡೆಗೆ ತಳ್ಳುತ್ತಿದ್ದಳು.

ಅಷ್ಟರಲ್ಲಿ ಒಂದು ಬೈಕು ಬಂದು ನಿಂತಿತು. ಕಿಟಕಿಯಿಂದ ನೋಡಿದೆ. ಹೆಲ್ಮೆಟ್ ತೆಗೆದ ಮನುಷ್ಯನ ಕೈಯಲ್ಲಿ ಫೈಲು. ಅವರು ಗುಂಪನ್ನು ನೋಡಿದರು, ಹೊರಗೆ ಹಾಕಿದ್ದ ಕುರ್ಚಿಗಳನ್ನು ನೋಡಿದರು, ಯಾರನ್ನೋ ಏನೋ ಕೇಳಿದರು. ಆಗತಾನೆ ಬಂದಿದ್ದ ಆ ಪುಣ್ಯಾತ್ಮ ಕೈ ಮುಗಿದು ನಮ್ಮ ಮನೆಯ ಕಡೆ ತೋರಿಸಿ ತಲೆ ತಗ್ಗಿಸಿದ. ಅಧಿಕಾರಿಯೂ ತಲೆ ತಗ್ಗಿಸಿ ಹೆಲ್ಮೆಟ್ಟನ್ನು ಮತ್ತೆ ಹಾಕಿಕೊಂಡರು.

ಈತ ಹೋಗಿ ಅರ್ಜಿದಾರಳು ತೀರಿಕೊಂಡಳು ಎಂದು ಬರೆದರೆ? ಬದುಕಿದ್ದೇನೆ ಎಂದು ನಾನು ಇನ್ನೊಂದು ಅರ್ಜಿ ಹಾಕಬೇಕು, ಅದರ ವಿಚಾರಣೆಗೆ ಕಾಯಬೇಕು. ಕಿಟಕಿಯ ಸರಳು ಹಿಡಿದು, ಬಾಯಿ ಎಷ್ಟು ದೊಡ್ಡದಿದೆಯೋ ಅಷ್ಟೂ ತೆರೆದು ತಮಿಳಿನಲ್ಲಿ ಕೂಗಿದೆ, "ಸಾರ್, ಹೋಗಬೇಡಿ, ನಾನು ಸತ್ತಿಲ್ಲ!" ಅಣ್ಣನ ಕಡೆ ತಿರುಗಿ, "ತರಿ ಓಡ್ಸು!" ಎಂದೆ. ಅವನು ದೊಡ್ಡಮ್ಮನ ಮುಖ ನೋಡಿದ. "ಅವಳ ಮುಖ ಏನ್ ನೋಡ್ತೀಯ? ಓಡ್ಸು!"

ಒಂದು ಮಗ್ಗ ಓಡಿತು, ಇನ್ನೊಂದು ಓಡಿತು. ಪಕ್ಕದ ಮನೆಯವರು ಕೇಳಿ ತಮ್ಮದನ್ನೂ ಓಡಿಸಿದರು. ಅಧಿಕಾರಿ ಬೈಕಿಗೆ ಸ್ಟ್ಯಾಂಡ್ ಹಾಕಿ ಒಳಗೆ ಬಂದರು.

ಕುರ್ಚಿಯಲ್ಲಿ ಕೂತು ಫೈಲು ತೆರೆದು ಏನು ಕೆಲಸ ಮಾಡುತ್ತೀರಿ ಎಂದು ತಮಿಳಿನಲ್ಲಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ನುಗ್ಗಿದಳು. ಪಾಪದ ಮಗು ಸಾರ್, ಕೈಯಲ್ಲಿ ಏನೂ ಆಗುವುದಿಲ್ಲ, ಒಂದು ಲೋಟ ನೀರು ತಗೊಳ್ಳಲೂ ಆಗುವುದಿಲ್ಲ, ಹೀಗೇ ಬಿದ್ದಿರುತ್ತಾಳೆ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಧಿಕಾರಿಯ ಪೆನ್ನು ನಿಂತಿತು.

"ಹಾಗಾದರೆ ವಂಡಿ ಯಾಕಮ್ಮ? ಅದು ಕೆಲಸಕ್ಕೆ ಹೋಗಿ ಬರುವವರಿಗೆ ಕೊಡುವುದು. ಕೆಲಸ ಇಲ್ಲ ಅಂದರೆ ನಾನು ಇಲ್ಲ ಅಂತಲೇ ಬರೆಯಬೇಕು."

ದೊಡ್ಡಮ್ಮ ಕಣ್ಣೊರೆಸುತ್ತಿದ್ದ ಸೆರಗನ್ನು ಕೆಳಗೆ ಬಿಟ್ಟಳು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆವು. ಪಿಂಚಣಿ ಒಂದು, ವಂಡಿ ಇನ್ನೊಂದು ಎಂದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

"ಕೆಲಸ ಇದೆ ಸಾರ್," ಎಂದೆ.

"ಮತ್ತೆ ಮಲಗಿದ್ದೀರಲ್ಲ?"

"ಮಲಗಿಸಿದ್ದರು."

ಮಂಚದಿಂದ ಇಳಿದು ಕೈಯೂರುತ್ತಾ ಮನೆಗೇ ಸೇರಿದ ನಮ್ಮ ಶೆಡ್ಡಿಗೆ ಸರಿದೆ. ಮೂಲೆಯ ಮಗ್ಗಕ್ಕೆ ಹೊಸ ಪಾವು ಏರಿಸಿ ಬಿಟ್ಟಿದ್ದರು. ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಕೂಡಿಸತೊಡಗಿದೆ. ಅಧಿಕಾರಿ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದರು. ಕೆಲಸ ಗೊತ್ತಿರುವುದು ಸರಿ, ಆದರೆ ಇದು ಮನೆಯೊಳಗೇ ಆಯಿತಲ್ಲ, ಹೊರಗೆ ಹೋಗಿ ಮಾಡುತ್ತೀರಿ ಅನ್ನುವುದಕ್ಕೆ ಯಾರಾದರೂ ಹೇಳಬೇಕು ಎಂದರು. ಅವರು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ.

"ನಾನ್ ಹೇಳ್ತೀನಿ," ಎಂದರು ಮಾಲೆಯವರು. "ನಮ್ಮ ಶೆಡ್ಡಿಗೆ ಇವಳೇ ಬರೋದು."

"ನಮ್ಮದಕ್ಕೂ ಇವಳೇ," ಎಂದರು ಇನ್ನೊಬ್ಬರು.

ಒಬ್ಬರು ಮುಂದೆ ಬಂದು, ಈ ವಾರ ಇವಳು ಬರದೆ ನಮ್ಮ ಮಗ್ಗ ಸುಮ್ಮನೆ ನಿಂತಿದೆ ಸಾರ್, ಸ್ವಲ್ಪ ಬೈದು ಹೋಗಿ ಎಂದು ದೂರೇ ಕೊಟ್ಟರು. ಶೆಡ್ಡಿನ ಬಾಗಿಲ ತುಂಬ ಜನ. ಅಳಲು ಬಂದವರೆಲ್ಲ ನನಗೆ ಸಾಕ್ಷಿಯಾಗಿ ನಿಂತಿದ್ದರು. ನನ್ನ ಕೈಕೆಲಸದ ಬಗ್ಗೆ ಅವರು ಅಷ್ಟು ಒಳ್ಳೆಯ ಮಾತು ನನ್ನೆದುರಿಗೆ ಯಾವತ್ತೂ ಆಡಿರಲಿಲ್ಲ. ನನಗೆ ಅಳು ಬಂತು, ಮುಚ್ಚಿಡುವುದಿಲ್ಲ. ಎಳೆಗಳು ಕಾಣದೆ ಕೈ ನಿಂತಿತು. ಅಧಿಕಾರಿ ಅಲ್ಲೇ ನಿಂತು ಬರೆದುಕೊಂಡು, ಇಬ್ಬರ ಸಹಿ ಪಡೆದು, ದೊಡ್ಡಮ್ಮ ಕೊಟ್ಟ ಕಾಫಿ ಕುಡಿದು ಹೋದರು. ಮಾಲೆಯನ್ನು ದೊಡ್ಡಮ್ಮ ಕಿತ್ತುಕೊಂಡು ಎದುರುಮನೆಯ ಆಡಿಗೆ ಹಾಕಿದಳು.

ಆಮೇಲೂ ಕಾಯಬೇಕಾಯಿತು. ಆದರೆ ಈ ಸಲ ನಾನು ಫೋನು ನೋಡುತ್ತಾ ಕೂರಲಿಲ್ಲ. ಪಲ್ಲಡದ ಕಡೆ ನನ್ನಂತೆಯೇ ಇರುವ ಒಬ್ಬರ ವಂಡಿ ಇತ್ತು. ಭಾನುವಾರಗಳಂದು ಅಣ್ಣನ ಜೊತೆ ಹೋಗಿ ಅದನ್ನು ಓಡಿಸಲು ಕಲಿತೆ. ಮೊದಲ ದಿನ ಬೇಲಿಗೆ ಗುದ್ದಿದೆ, ಎರಡನೆಯ ದಿನ ಅಣ್ಣನಿಗೇ ಗುದ್ದಿದೆ. ವಂಡಿ ಬರದಿದ್ದರೆ ಎಂದು ದೊಡ್ಡಮ್ಮ ಕೇಳಿದಾಗಲೆಲ್ಲ, ಬಾರದೆ ಎಲ್ಲಿಗೆ ಹೋಗುತ್ತದೆ ಎಂದೆ. ನನಗೆ ಅನುಮಾನವೇ ಇರಲಿಲ್ಲ. ಬೀದಿಗೆ ಬೀದಿಯೇ ಸಾಕ್ಷಿ ಹೇಳಿದ ಮೇಲೆ ಅನುಮಾನವೆಂಥದು? ಬಂತು. ಕೊಯಮತ್ತೂರಿನಲ್ಲಿ ವಂಡಿಗಳನ್ನು ಸಾಲಾಗಿ ನಿಲ್ಲಿಸಿ ಕೊಟ್ಟರು.

ಮೊದಲ ದಿನ ಒಬ್ಬಳೇ ಹೋದದ್ದು ತೆಂಗಿನ ತೋಟಗಳ ನಡುವಿನ ಒಂದು ಶೆಡ್ಡಿಗೆ. ಊರುಗೋಲನ್ನು ಪಕ್ಕಕ್ಕೆ ಕಟ್ಟಿಕೊಂಡಿದ್ದೆ. ಅಲ್ಲಿಯ ಮಾಲೀಕರು ಬಾಗಿಲಿಗೆ ಬಂದು ನನ್ನ ಹಿಂದಿನ ರಸ್ತೆಯನ್ನು ನೋಡಿದರು. ಅಣ್ಣ ಬರುತ್ತಿದ್ದಾನೆಂದುಕೊಂಡರು. ನಾನು ಇಳಿದು ಒಳಗೆ ಹೋಗಿ ಕೂತೆ. ಮಧ್ಯಾಹ್ನ ಊಟದ ಹೊತ್ತಿಗೂ ಅವರು ಒಮ್ಮೆ ರಸ್ತೆ ನೋಡಿ ಬಂದರು.

ಸಂಜೆ ಕೆಲಸ ಮುಗಿಸಿ ವಂಡಿ ಹತ್ತಿದೆ. ಮುಂದಿನ ಪಾವಿನ ದಿನ ಗೊತ್ತು ಮಾಡಲು ಅವರು ಅಭ್ಯಾಸಬಲದಿಂದ ಫೋನು ತೆಗೆದು ಅಣ್ಣನ ನಂಬರು ಹುಡುಕಿದರು. ಹುಡುಕುತ್ತಾ ತಲೆಯೆತ್ತಿ ನನ್ನನ್ನು ನೋಡಿದರು. ಫೋನನ್ನು ಜೇಬಿಗೆ ಹಾಕಿಕೊಂಡರು.

"ಅಡುತ್ತ ಪಾವು ಬುಧವಾರ ಏರ್ತದೆ. ನೀನು ಎಂದು ಬರ್ತೀಯಮ್ಮ?"

ಇಷ್ಟು ವರ್ಷ ಕೆಲಸ ಮಾಡಿದ್ದೇನೆ, ಈ ಪ್ರಶ್ನೆಯನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ಬುಧವಾರ ನನಗೆ ಬೇರೆ ಯಾವ ಕೆಲಸವೂ ಇರಲಿಲ್ಲ. ಬರುತ್ತೇನೆ ಎಂದು ನಾಲಿಗೆಯ ತುದಿಗೆ ಬಂದಿತ್ತು, ಅಲ್ಲೇ ಹಿಡಿದುಕೊಂಡೆ.

"ನೋಡಿ ಹೇಳ್ತೀನಿ," ಎಂದು ವಂಡಿ ಸ್ಟಾರ್ಟ್ ಮಾಡಿದೆ.

"ಎಂದು ಹೇಳ್ತೀಯ?" ಎಂದು ಅವರು ಪಕ್ಕದಲ್ಲಿ ನಾಲ್ಕು ಹೆಜ್ಜೆ ಬಂದರು.

"ಸ್ವಲ್ಪ ಕಾಯ್ರಿ," ಎಂದೆ.